ಹೂವು ಚೆಂದ ಇದ್ದರೆ ಸಾಲದು, ರಿಪೀಟ್ ಕೂರಬೇಕು

ಪ್ರಿಂಟೆಡ್ ಬಟ್ಟೆಯ ಡಿಸೈನ್ ಅಂದರೆ ಎಲ್ಲರೂ ಹೂವು, ಎಲೆ, ಹಕ್ಕಿಯ ಚಿತ್ರವನ್ನೇ ಹೊಗಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕಾಲು ಭಾಗದ ಕೆಲಸ. ಅದೇ ಚಿತ್ರ ಮೀಟರುಗಟ್ಟಲೆ ಮರುಕಳಿಸಿದಾಗ ಏನಾಗುತ್ತದೆ ಅನ್ನುವುದೇ ಡಿಸೈನು.

ರಿಪೀಟ್, ಅಂದರೆ ಹೀಗೆ ಮರುಕಳಿಸುವ ಒಂದು ತುಂಡು, ಕಟ್ಟಲು ಕಾಗದ, ಕತ್ತರಿ, ಟೇಪ್ ಸಾಕು. ಹಾಳೆಯ ನಡುವೆ ಬರೆಯಿರಿ, ಅಂಚಿಗೆ ತಾಗಿಸಬೇಡಿ. ಉದ್ದಕ್ಕೆ ಸರಿಯಾಗಿ ಅರ್ಧ ಕತ್ತರಿಸಿ, ಎಡದ ತುಂಡನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟು ಹಿಂದಿನಿಂದ ಟೇಪ್ ಹಾಕಿ. ಆಮೇಲೆ ಅಡ್ಡಕ್ಕೆ ಕತ್ತರಿಸಿ ಮೇಲಿನದನ್ನು ಕೆಳಕ್ಕೆ ತನ್ನಿ. ಬರೆದದ್ದೆಲ್ಲ ಮೂಲೆಗಳಿಗೆ ಸರಿದು ನಡುವೆ ಖಾಲಿ ಬೀಳುತ್ತದೆ. ಅದನ್ನು ತುಂಬಿಸಿದರೆ ನಾಲ್ಕೂ ಅಂಚು ತಾವಾಗಿ ಕೂಡಿಕೊಳ್ಳುತ್ತವೆ.

ಮೋಸ ಇಲ್ಲೇ ಇರುವುದು. ಒಂದು ತುಂಡು ನೋಡಿ ಖುಷಿಪಡಬೇಡಿ. ಅಡ್ಡ ಮೂರು, ಉದ್ದ ಮೂರು, ಒಟ್ಟು ಒಂಬತ್ತು ಪ್ರತಿ ಜೋಡಿಸಿ, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಖಾಲಿ ಜಾಗಗಳೆಲ್ಲ ಒಂದೇ ಸಾಲಿಗೆ ಬಂದು ಪಟ್ಟೆ ಎದ್ದಿರುತ್ತದೆ, ಇಲ್ಲವೇ ತೀರಾ ಗಾಢವಾದ ಹೂವೊಂದೇ ಕವಾಯತು ಮಾಡುತ್ತಿರುತ್ತದೆ. ಹಾಫ್ ಡ್ರಾಪ್, ಅಂದರೆ ಪಕ್ಕದ ಉದ್ದ ಸಾಲನ್ನು ಅರ್ಧ ರಿಪೀಟ್ ಕೆಳಗಿಳಿಸುವುದು, ಅಡ್ಡ ಪಟ್ಟೆಯನ್ನು ಮುರಿಯುತ್ತದೆ. ಆದರೆ ಕೆಲವೊಮ್ಮೆ ಓರೆ ಪಟ್ಟೆ ಹುಟ್ಟಿಸುತ್ತದೆ! ಆಗ ಸಂದಿಗೆಲ್ಲ ಚಿಕ್ಕ ಎಲೆ ತುರುಕುವುದು ಸೋಮಾರಿತನ. ಎದ್ದು ಕಾಣುವ ಹೂವನ್ನು ತಿರುಗಿಸಿ, ಅಥವಾ ಅಷ್ಟೇ ಗಾಢವಾದ ಇನ್ನೊಂದನ್ನು ಬೇರೆ ಕಡೆ ಇಡಿ.

ಅಳತೆಯನ್ನು ಮೊದಲೇ ಕೇಳಿಕೊಳ್ಳಿ. ರೋಟರಿ ಸ್ಕ್ರೀನಿನ, ಅಂದರೆ ತಿರುಗುತ್ತಾ ಬಟ್ಟೆಗೆ ಬಣ್ಣ ಒತ್ತುವ ತೂತುಳ್ಳ ಉರುಳೆಯ, ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಹಾಗಾಗಿ ರಿಪೀಟ್ ಎತ್ತರ 64, 32, 16 ಹೀಗೆ ಸಮ ಭಾಗವಾಗಬೇಕು. 30 ಸೆಂ.ಮೀ.ಗೆ ಬರೆದು ಆಮೇಲೆ 32ಕ್ಕೆ ಹಿಗ್ಗಿಸಿದರೆ ಗೆರೆಗಳ ದಪ್ಪವೇ ಬದಲಾಗುತ್ತದೆ.

ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಎರಡು ಬಣ್ಣವನ್ನು ಅಂಚಿಗೆ ಅಂಚು ತಾಗಿಸಿ ನಿಲ್ಲಿಸಿದರೆ ಬಟ್ಟೆ ಕೂದಲೆಳೆಯಷ್ಟು ಸರಿದರೂ ನಡುವೆ ಬಿಳಿ ಗೆರೆ ಇಣುಕುತ್ತದೆ. ಅದಕ್ಕೇ ಗಾಢ ಬಣ್ಣ ತಿಳಿ ಬಣ್ಣದ ಮೇಲೆ ಸುಮಾರು ಅರ್ಧ ಮಿ.ಮೀ. ಚಾಚಿಕೊಂಡಿರಬೇಕು. ಎರಡೂ ಮಧ್ಯಮ ಛಾಯೆಗಳಾದರೆ ಒಂದರ ಮೇಲೊಂದು ಬಿದ್ದಲ್ಲಿ ಮೂರನೆಯ ಬಣ್ಣ ಕಾಣುತ್ತದೆ. ಜಾಣರು ಅದನ್ನೂ ಡಿಸೈನಿಗೆ ಸೇರಿಸಿಕೊಂಡು ಒಂದು ಸ್ಕ್ರೀನ್ ಉಳಿಸುತ್ತಾರೆ.

ಕಂಪ್ಯೂಟರ್ ಪರದೆಯ ಬಣ್ಣ ನಂಬಬೇಡಿ, ಹಸಿ ಪ್ರಿಂಟನ್ನೂ ನಂಬಬೇಡಿ. ಹತ್ತಿಯ ಮೇಲಿನ ರಿಯಾಕ್ಟಿವ್ ಡೈ (ನೂಲಿನ ಜೊತೆಗೇ ಬೆಸೆದುಕೊಳ್ಳುವ ಬಣ್ಣ) ಹಬೆಯಲ್ಲಿ ಬೆಂದು, ನೂಲಿಗೆ ಕೂಡದ ಬಣ್ಣ ತೊಳೆದುಹೋದ ಮೇಲಷ್ಟೇ ನಿಜರೂಪ ತೋರಿಸುವುದು. ಆ ಸ್ಯಾಂಪಲನ್ನು ಬಿಸಿಲಲ್ಲೂ ದೀಪದ ಬೆಳಕಲ್ಲೂ ನೋಡಿ ಒಪ್ಪಿಗೆ ಕೊಡಿ.

ಇನ್ನೊಂದು: ಎಲ್ಲ ಹೂವೂ ಮೇಲ್ಮುಖವಾಗಿದ್ದರೆ ಕತ್ತರಿಸುವವರು ತುಂಡುಗಳನ್ನು ತಲೆಕೆಳಗು ಮಾಡಿ ಜೋಡಿಸುವಂತಿಲ್ಲ, ಬಟ್ಟೆ ಹೆಚ್ಚು ಬೇಕಾಗುತ್ತದೆ. ಉಡುಪಿಗೆ ಹೋಗುವ ಪ್ರಿಂಟಾದರೆ ಅರ್ಧ ಹೂವುಗಳನ್ನಾದರೂ ಕೆಳಮುಖ ಮಾಡಿ.