ಅದು ನಮ್ಮ ವ್ಯಾಪ್ತಿಗೆ ಬರೂದಿಲ್ರಿ

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಎಂಬ ಕಲಮನ್ನು ಕಲಬುರಗಿಯ ಜನರಲ್ಲಿ ಬಹುಪಾಲು ಮಂದಿ ಓದಿರಲಿಕ್ಕಿಲ್ಲ. ಆದರೆ ಅದನ್ನು ಬರೆದವರು ಮಾತ್ರ ಕಲಬುರಗಿಯ ಜನರನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸರ್ಕಾರ ನಿಗದಿಪಡಿಸಿದ ಮಾನದಂಡವನ್ನು ಪಾಲಿಸದ ಕಾರಣಕ್ಕೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ ಸಲಹೆಗಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದೆಂದು ಆ ಕಲಮು ಹೇಳುತ್ತದೆ. ಸೊಂಟ ಹಿಡಿದುಕೊಂಡದ್ದು, ಸೈಲೆನ್ಸರ್ ಕಳಚಿ ಬಿದ್ದದ್ದು, ಟಂಟಂ ಆಟೋದಲ್ಲಿ ಕುಳಿತವರು ಮಾತಿನ ನಡುವೆ ತಮ್ಮ ನಾಲಿಗೆಯನ್ನು ತಾವೇ ಕಚ್ಚಿಕೊಂಡದ್ದು ಇವೆಲ್ಲ ಅದರಲ್ಲಿ ಸೇರುವುದಿಲ್ಲ. ಕಾನೂನಿನ ಲೆಕ್ಕಕ್ಕೆ ಬರಬೇಕಾದರೆ ನಾಗರಿಕನು ಸ್ವಲ್ಪ ಶ್ರದ್ಧೆಯಿಂದ ಬೀಳಬೇಕಾಗುತ್ತದೆ.

ಅಷ್ಟು ಶ್ರದ್ಧೆಯಿಂದ ಬಿದ್ದರೂ ಕೆಲಸ ಮುಗಿಯಲಿಲ್ಲ. ತಪ್ಪು ಯಾರದೆಂದು ನಿರ್ಧರಿಸುವಾಗ ನ್ಯಾಯಾಲಯ ಗಮನಿಸಬೇಕಾದ ಕೆಲವು ಸಂಗತಿಗಳನ್ನೂ ಕಲಮು ಹೇಳಿದೆ. ರಸ್ತೆಯನ್ನು ಬಳಸುವವರು ಅದು ಯಾವ ಸ್ಥಿತಿಯಲ್ಲಿರುತ್ತದೆಂದು ನಿರೀಕ್ಷಿಸಿದ್ದರು ಎಂಬುದು ಅವುಗಳಲ್ಲಿ ಒಂದು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಇಷ್ಟು ರಸವತ್ತಾದ ಮಾತು ಮತ್ತೊಂದಿಲ್ಲ. ಸೇಡಂ ರಸ್ತೆಯಲ್ಲಿ ದಿನವೂ ಓಡಾಡುವವನನ್ನು ಕಟಕಟೆಯಲ್ಲಿ ನಿಲ್ಲಿಸಿ, ಈ ರಸ್ತೆ ಹೇಗಿರುತ್ತದೆಂದು ನೀವು ನಿರೀಕ್ಷಿಸಿದ್ದಿರಿ ಎಂದು ವಕೀಲರು ಕೇಳಿದರೆ, ಆತ ದೇವರ ಮೇಲೆ ಪ್ರಮಾಣ ಮಾಡಿದವನಾದ್ದರಿಂದ, "ಹಿಂಗೇ ಇರ್ತದಂತ ಗೊತ್ತಿತ್ರಿ ಸಾಹೇಬ್ರ" ಎಂದೇ ಹೇಳಬೇಕಾಗುತ್ತದೆ. ಪ್ರಕರಣ ಅಲ್ಲಿಗೇ ವಜಾ. ನಿರೀಕ್ಷೆಯಂತೆ ರಸ್ತೆಯನ್ನು ಕಾಪಾಡಿಕೊಂಡು ಬಂದ ಪ್ರಾಧಿಕಾರಕ್ಕೆ ದಂಡ ಹಾಕುವುದಾದರೂ ಹೇಗೆ?

ರಸ್ತೆಯ ಸ್ಥಿತಿ ಅಪಾಯಕಾರಿಯೆಂದು ಪ್ರಾಧಿಕಾರಕ್ಕೆ ಗೊತ್ತಿತ್ತೆ ಎಂಬುದು ಇನ್ನೊಂದು ಪ್ರಶ್ನೆ. ಅರ್ಜಿಗಳನ್ನು ಸ್ವೀಕರಿಸಿ, ಮೊಹರು ಒತ್ತಿ, ಆವಕ ಸಂಖ್ಯೆ ಬರೆದ ಕಚೇರಿಗೆ ವಿಷಯ ಗೊತ್ತಿರಲಿಲ್ಲವೆಂದು ಸಾಧಿಸುವುದು ಸಣ್ಣ ಕೆಲಸವಲ್ಲ. ಕೂಡಲೇ ದುರಸ್ತಿ ಸಾಧ್ಯವಿಲ್ಲದಿದ್ದರೆ ಎಚ್ಚರಿಕೆಯ ಫಲಕವನ್ನಾದರೂ ಹಾಕಲಾಗಿತ್ತೆ ಎಂಬ ಪ್ರಶ್ನೆಯೂ ಅಲ್ಲಿದೆ. ಈ ಒಂದು ವಿಷಯದಲ್ಲಿ ನಮ್ಮ ಭಾಗ ಸಂಪೂರ್ಣ ಸ್ವಾವಲಂಬಿಯಾಗಿದೆ. ತಗ್ಗು ಮೊಳಕಾಲುದ್ದ ಆಳವಾದ ಕೂಡಲೇ ಅಕ್ಕಪಕ್ಕದ ಅಂಗಡಿಯವರು ಒಂದು ಜಾಲಿ ಕಂಟಿ ಕಡಿದು ತಂದು, ಅದರ ತುದಿಗೆ ಹರಕು ಕೆಂಪು ಬಟ್ಟೆ ಕಟ್ಟಿ, ತಗ್ಗಿನಲ್ಲಿ ನೆಟ್ಟುಬಿಡುತ್ತಾರೆ. ಇದಕ್ಕೆ ಟೆಂಡರ್ ಕರೆದವರಿಲ್ಲ, ಬಿಲ್ ಬರೆದವರಿಲ್ಲ. ಶಾಸನಬದ್ಧವಾದ ಎಚ್ಚರಿಕೆ ಫಲಕವನ್ನು ಹೀಗೆ ಜನರೇ ತಮ್ಮ ಖರ್ಚಿನಲ್ಲಿ ನೆಟ್ಟು ಇಲಾಖೆಯನ್ನು ಕಾನೂನಿನಿಂದ ಪಾರುಮಾಡುವ ಊರು ಬೇರೆ ಎಲ್ಲಿದೆಯೋ ತಿಳಿಯದು.

ಇಷ್ಟಾಗಿ ನಮ್ಮದು ಸಿಮೆಂಟಿನ ಸೀಮೆ. ಸೇಡಂ, ಮಳಖೇಡ, ವಾಡಿಯ ಕಾರ್ಖಾನೆಗಳಿಂದ ಹೊರಟ ಸಿಮೆಂಟು ಎಲ್ಲೆಲ್ಲಿಯೋ ಮೇಲ್ಸೇತುವೆಯಾಗಿ ನಿಲ್ಲುತ್ತದೆ. ಅದನ್ನು ಹೊತ್ತು ಸಾಗುವ ಲಾರಿಗಳ ಭಾರ ಮಾತ್ರ ನಮ್ಮ ರಸ್ತೆಗಳ ಮೇಲೆ ಉಳಿಯುತ್ತದೆ. ಶಹಾಬಾದಿನ ಫರಸಿ ಕಲ್ಲು ದೂರದೂರದ ಅಂಗಳಗಳನ್ನು ಸಮತಟ್ಟು ಮಾಡಿದೆ. ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ನದಿ ಉಕ್ಕಿದಾಗ ಸೇತುವೆ ನೀರಿನಡಿ ಹೋಗುತ್ತದೆ, ಕಲಬುರಗಿ–ಸೇಡಂ ಸಂಪರ್ಕ ಕಡಿದುಬೀಳುತ್ತದೆ. ಕಾರಣ ಕೇಳಿದರೆ ಮಳೆಯ ಕಡೆಗೆ ಕೈ ತೋರಿಸುತ್ತಾರೆ. ಮಳೆ ಇಲ್ಲದ ತಿಂಗಳಲ್ಲಿ ಕೇಳಿದರೆ ಎರೆಮಣ್ಣಿನ ಕಡೆಗೆ. ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಹಿಗ್ಗುತ್ತದೆ, ಮೇಲಿನ ಡಾಂಬರು ಸೀಳುತ್ತದೆ ಎಂಬುದೆಲ್ಲ ನಿಜವೇ. ಆದರೆ ಎರೆಮಣ್ಣು ಕಳೆದ ವಾರ ಇಲ್ಲಿಗೆ ವರ್ಗವಾಗಿ ಬಂದದ್ದಲ್ಲ. ಪ್ರತಿ ಅಂದಾಜುಪಟ್ಟಿಯೂ ಅದನ್ನು ಹೊಸದಾಗಿ ಭೇಟಿಯಾಗಿ ಬೆರಗಾಗುವ ಪರಿ ಮಾತ್ರ ನೋಡತಕ್ಕದ್ದು.

ಹೊಣೆ ಗೊತ್ತುಪಡಿಸುವ ವ್ಯವಸ್ಥೆ ಇಲ್ಲವೆಂದು ಯಾರೂ ದೂರುವಂತಿಲ್ಲ. ಪ್ರತಿ ಕಾಮಗಾರಿಗೂ, ಕಂಡ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ದೋಷ ಹೊಣೆಗಾರಿಕೆಯ ಅವಧಿಯೊಂದಿರುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯನ್ನಂತೂ ಕಟ್ಟಿದ ಗುತ್ತಿಗೆದಾರನೇ 5 ವರ್ಷ ನಿರ್ವಹಿಸಬೇಕು. ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರ, ಅವಧಿ ಎಲ್ಲವನ್ನೂ ಬರೆದ ಫಲಕ ರಸ್ತೆಯ ತಲೆಯಲ್ಲಿ ನಿಂತಿರುತ್ತದೆ. ನಮ್ಮ ಕಡೆಯ ಅಂಥದೊಂದು ಫಲಕದ ಮೇಲೆ ಸ್ಥಳೀಯ ನಾಯಕರೊಬ್ಬರ ಹುಟ್ಟುಹಬ್ಬದ ಬ್ಯಾನರನ್ನು ತಂತಿ ಬಿಗಿದು ಕಟ್ಟಿದ್ದಾರೆ. ಮೇಲ್ಗಡೆ ಕಾಮಗಾರಿಯ ಹೆಸರು ಕಾಣುತ್ತದೆ, ಕೆಳಗಡೆ ಇಲಾಖೆಯ ಹೆಸರು ಕಾಣುತ್ತದೆ; ಮೊತ್ತವೂ ಗುತ್ತಿಗೆದಾರನೂ ಹೊಣೆಗಾರಿಕೆಯ ಅವಧಿಯೂ ನಾಯಕರು ಮುಗಿದ ಕೈಗಳ ಹಿಂದೆ ಸುರಕ್ಷಿತವಾಗಿವೆ. ಹುಟ್ಟುಹಬ್ಬ ಮುಗಿದು ಎಷ್ಟೋ ಕಾಲವಾಗಿದೆ. ಬ್ಯಾನರು ಬಿಸಿಲಿಗೆ ಬೆಳ್ಳಗಾದರೂ ಹರಿದಿಲ್ಲವಾದ್ದರಿಂದ, ರಸ್ತೆಗಿಂತ ಅದರ ಗುಣಮಟ್ಟ ಮೇಲೆಂದು ಒಪ್ಪಬೇಕು.

ಹಣ ಇಲ್ಲವೆಂಬ ಮಾತೂ ನಡೆಯುವುದಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಿದೆ, ಮಂಡಳಿ ಬಂದಿದೆ, ಇತ್ತೀಚಿನ ಬಜೆಟ್ಟುಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಇದರಿಂದಾಗಿ ಒಂದು ರಸ್ತೆಗೆ ದುಡ್ಡು ಕೊಟ್ಟವರು ಒಬ್ಬರು, ಕಟ್ಟಿದವರು ಇನ್ನೊಬ್ಬರು, ಒಡೆಯರು ಮತ್ತೊಬ್ಬರು, ನೀರಿನ ಪೈಪಿಗಾಗಿ ಅಗೆದವರು ಮಗದೊಬ್ಬರು ಆಗಲು ಅವಕಾಶವಾಗಿದೆ. ಸೆಪ್ಟೆಂಬರ್ 17 ಹತ್ತಿರ ಬಂದಾಗ ಮಾತ್ರ ಎಲ್ಲರೂ ಒಂದಾಗುತ್ತಾರೆ. ಮುಖ್ಯಮಂತ್ರಿಗಳು ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆ ಬರುವ ದಾರಿಯ ತಗ್ಗುಗಳಿಗೆ ಮುರುಮು ಬೀಳುತ್ತದೆ, ಡಿವೈಡರುಗಳಿಗೆ ಹಳದಿ-ಕಪ್ಪು ಬಣ್ಣ ಏರುತ್ತದೆ. ಬಣ್ಣ ಒಣಗುವ ಮೊದಲೇ ಮಳೆ ಬಂದು ಮುರುಮನ್ನು ಚರಂಡಿಗೆ ಒಯ್ಯುತ್ತದೆ. 2024ರ ಸೆಪ್ಟೆಂಬರ್ 17ರಂದು ಸಚಿವ ಸಂಪುಟದ ಸಭೆಯೇ ಇಲ್ಲಿ ನಡೆಯಿತು. ಸಂಪುಟವು ತಿಂಗಳಿಗೊಮ್ಮೆ ಬೇರೆಬೇರೆ ದಾರಿ ಹಿಡಿದು ಬರುವಂತಾದರೆ ನಮಗೆ ಬೇರೆ ನಿರ್ವಹಣಾ ನೀತಿಯೇ ಬೇಡ.

ವ್ಯಾಪ್ತಿ ಎಂಬುದರ ನಿಜವಾದ ಸೊಗಸನ್ನು ಕಾಣಬೇಕೆಂದರೆ ದೊಡ್ಡ ಮಳೆಯಾದ ಮರುದಿನ ನಗರದ ರೈಲ್ವೆ ಕೆಳಸೇತುವೆಯೊಂದರ ಬಳಿ ನಿಲ್ಲಬೇಕು. ನೀರು ಸ್ಕೂಟರಿನ ಸೀಟನ್ನು ಮುಟ್ಟಿರುತ್ತದೆ. ನಡುವೆ ಒಂದು ಟಂಟಂ ಸಿಕ್ಕಿಹಾಕಿಕೊಂಡಿರುತ್ತದೆ. ಅದರ ಚಾಲಕ ಪ್ಯಾಂಟು ಮಡಚಿ ಟಾಪಿನ ಮೇಲೆ ಕುಳಿತು ಮೊಬೈಲಿನಲ್ಲಿ ಯಾರಿಗೋ ತಾನಿರುವ ಜಾಗ ವಿವರಿಸುತ್ತಿರುತ್ತಾನೆ. ದಂಡೆಯ ಮೇಲಿದ್ದ ಹಿರಿಯರೊಬ್ಬರು ಒಂದೊಂದೇ ಕಚೇರಿಗೆ ಫೋನು ಮಾಡುತ್ತಾರೆ. "ಮ್ಯಾಲಿನ ಗರ್ಡರ್ ನಮ್ದು ಕಾಕಾ, ತಳಗಿನ ನೀರು ನಮ್ದಲ್ಲ" ಎಂಬ ಉತ್ತರ ಒಂದು ಕಡೆಯಿಂದ ಬರುತ್ತದೆ. "ನಾಲಿ ಅಷ್ಟೇ ನಮ್ದು, ನೀರು ನಾಲಿ ಬಿಟ್ಟು ಹೊರಗ ಬಂದ ಮ್ಯಾಲ ನಮಗ ಸಂಬಂಧ ಇಲ್ರಿ" ಎಂದು ಎರಡನೆಯ ಕಡೆಯಿಂದ. ಮೂರನೆಯವರು ಸಜ್ಜನರು, ರಸ್ತೆ ತಮ್ಮದೆಂದು ಒಪ್ಪಿಕೊಳ್ಳುತ್ತಾರೆ. "ಆದ್ರ ರಸ್ತಾ ಈಗ ಕಾಣ್ಸಲತ್ತದೇನ್ರಿ? ನೀರು ಇಳದ ಮ್ಯಾಲ ಫೋನ್ ಮಾಡ್ರಿ, ಬಂದು ನೋಡ್ತೀವಿ." ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಲ್ಲಿ ಎರಡೂ ಪ್ರಾಣಿಗಳು ಏನನ್ನಾದರೂ ಎಳೆಯುತ್ತಿದ್ದವಲ್ಲ ಎಂದು ಹಿರಿಯರಿಗೆ ಅಸೂಯೆಯಾದರೆ ತಪ್ಪಲ್ಲ.

ರೈಲಿನ ವಿಷಯದಲ್ಲಿ ಈ ಕಲೆ ಇನ್ನೂ ಎತ್ತರಕ್ಕೆ ಹೋಗಿದೆ. 1956ರಲ್ಲಿ ಭಾಷಾವಾರು ರಾಜ್ಯಗಳಾದವು, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು ಇಂದಿನ ಕರ್ನಾಟಕಕ್ಕೆ ಬಂದವು ಎಂಬ ಸುದ್ದಿ ರೈಲ್ವೆ ಇಲಾಖೆಗೆ ಇನ್ನೂ ಅಧಿಕೃತವಾಗಿ ತಲುಪಿದಂತಿಲ್ಲ. ಕಲಬುರಗಿ ನಿಲ್ದಾಣ ಸೋಲಾಪುರ ವಿಭಾಗದ ಕೆಳಗಿದೆ, ಅದರ ಮೇಲಿನ ಮಧ್ಯ ರೈಲ್ವೆ ಮುಂಬೈಯಲ್ಲಿದೆ. ಬೀದರ್ ಸಿಕಂದರಾಬಾದಿನ ಕೈಯಲ್ಲಿದೆ. ಯಾದಗಿರಿ ಆಂಧ್ರದ ಗುಂತಕಲ್ ವಿಭಾಗದ ನೆರಳಿನಲ್ಲಿ ದಶಕಗಳನ್ನು ಕಳೆಯಿತು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಹುಟ್ಟಿದಾಗಲೂ ಈ ಮೂರು ಜಿಲ್ಲಾ ಕೇಂದ್ರಗಳಿಗೆ ಅದರಲ್ಲಿ ಜಾಗ ಸಿಗಲಿಲ್ಲ. ಹೀಗಾಗಿ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದು ಕಲಬುರಗಿಯವನೂ ಬೀದರಿನವನೂ ಒಂದೇ ದಿನ ದೂರಬೇಕಾದರೆ ಒಬ್ಬ ಮರಾಠಿಯನ್ನೂ ಇನ್ನೊಬ್ಬ ತೆಲುಗನ್ನೂ ಕಲಿಯಬೇಕಾಗುತ್ತದೆ. ಗುಲಬರ್ಗಾ ವಿಭಾಗ ಬೇಕೆಂದು ಸರೀನ್ ಸಮಿತಿ ಶಿಫಾರಸು ಮಾಡಿದ್ದು 1984ರಲ್ಲಿ. ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ, 2014ರ ಆರಂಭದಲ್ಲಿ, ಅದಕ್ಕೆ ಅಡಿಗಲ್ಲೂ ಬಿತ್ತು. ಆಮೇಲೆ ಊರಿನ ಹೆಸರು ಕಲಬುರಗಿಯಾಯಿತು, ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. ವಿಭಾಗ ಮಾತ್ರ ಆಗಲಿಲ್ಲ.

ಕೆಲಸದ ವೇಗವನ್ನು ಕುರಿತು ಒಂದು ಹಳೆಯ ಲೆಕ್ಕ. 1853ರಲ್ಲಿ ಮುಂಬೈಯಿಂದ ಹೊರಟ ಹಳಿ, ಭೋರ್ ಘಾಟಿನ ಬಂಡೆ ಕೊರೆದು, ಭೀಮಾ ಮತ್ತು ಕೃಷ್ಣಾ ನದಿಗಳನ್ನು ದಾಟಿ, 700 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ಸ್ವತಂತ್ರ ಭಾರತದಲ್ಲಿ, ಕಳೆದ ಶತಮಾನದ ಕೊನೆಗೆ ಮಂಜೂರಾದ ಬೀದರ್–ಕಲಬುರಗಿ ಮಾರ್ಗದ ಸುಮಾರು 110 ಕಿಲೋಮೀಟರ್ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. 370 ಕೋಟಿಯ ಅಂದಾಜು ಅಷ್ಟರಲ್ಲಿ 1,500 ಕೋಟಿಯನ್ನು ದಾಟಿತ್ತು. ಉದ್ಘಾಟನೆಯ ವೇದಿಕೆಯಿಂದಲೇ ಪ್ರಧಾನಿಯವರು ಈ ವಿಳಂಬವನ್ನು ಟೀಕಿಸಿದರು. ಸರ್ಕಾರಗಳು ಹಿಂದಿನ ಸರ್ಕಾರಗಳ ಹೊಣೆಗಾರಿಕೆಯ ವಿಷಯದಲ್ಲಿ ಎಂದೂ ತಡಮಾಡಿದ್ದಿಲ್ಲ.

ಓಡುತ್ತಿರುವ ರೈಲುಗಳ ಸಮಯಪಾಲನೆಯ ಲೆಕ್ಕವೂ ನಮ್ಮನ್ನು ಬಿಟ್ಟೇ ನಡೆಯುತ್ತದೆ. ರೈಲು ಹೊತ್ತಿಗೆ ಸರಿಯಾಗಿ ಓಡಿತೆ ಎಂಬುದನ್ನು ಇಲಾಖೆ ಅಳೆಯುವುದು ಕೊನೆಯ ನಿಲ್ದಾಣದಲ್ಲಿ, ಮತ್ತು ಆ ನಿಲ್ದಾಣ ಹತ್ತಿರವಾಗುತ್ತಿದ್ದಂತೆ ವೇಳಾಪಟ್ಟಿಯಲ್ಲಿ ಒಂದಿಷ್ಟು ಹೆಚ್ಚುವರಿ ಸಮಯವನ್ನು ತುಂಬಿಡುವುದು ರೂಢಿ. ನಮ್ಮಲ್ಲಿ ನಿಲ್ಲುವ ಬಹುತೇಕ ರೈಲುಗಳಿಗೆ ಕಲಬುರಗಿ, ಯಾದಗಿರಿಗಳು ನಡುದಾರಿಯ ಊರುಗಳು. ಪ್ಲಾಟ್‌ಫಾರ್ಮಿನ ಮೇಲೆ ಬುತ್ತಿಯ ರೊಟ್ಟಿ ಮುಗಿಸಿ, ಮಗುವನ್ನು ಎರಡು ಸಲ ಮಲಗಿಸಿ ಎಬ್ಬಿಸಿದರೂ ಬಾರದ ರೈಲು, ಆಮೇಲೆ ಬಂದು, ಹೊರಟು, ಮುಂಬೈಯ ಹತ್ತಿರ ತನ್ನ ಪಾಪವನ್ನೆಲ್ಲ ತೊಳೆದುಕೊಂಡು ಸಕಾಲದಲ್ಲಿ ತಲುಪಿದ ಪಟ್ಟಿಗೆ ಸೇರುತ್ತದೆ. ಇಲ್ಲಿ ಕಾದವರ ಹೊತ್ತು ಯಾವ ಖಾತೆಗೂ ಜಮೆಯಾಗುವುದಿಲ್ಲ.

ನ್ಯಾಯಾಲಯಗಳು ಮಾತ್ರ ಆಗಾಗ ಈ ನೆಮ್ಮದಿಯನ್ನು ಕೆಡಿಸುತ್ತವೆ. ಜಮ್ಮುವಿಗೆ ಹೊರಟ ರೈಲು ನಾಲ್ಕು ಗಂಟೆ ತಡವಾಗಿ ವಿಮಾನ ತಪ್ಪಿಸಿಕೊಂಡ ಕುಟುಂಬಕ್ಕೆ 30,000 ರೂಪಾಯಿ ಕೊಡಬೇಕು, ತಡವಾದದ್ದಕ್ಕೆ ತಕ್ಕ ಕಾರಣವನ್ನು ರೈಲ್ವೆಯೇ ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ರಸ್ತೆ ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ, ಗಾಯಗೊಂಡವರಿಗೆ 50,000ದಿಂದ 2.5 ಲಕ್ಷ ರೂಪಾಯಿ ಕೊಡಬೇಕು, ಆ ಹಣವನ್ನು ಹೊಣೆಗಾರರಾದ ಅಧಿಕಾರಿಗಳಿಂದಲೂ ಗುತ್ತಿಗೆದಾರರಿಂದಲೂ ವಸೂಲು ಮಾಡಬೇಕು ಎಂದು ಬಾಂಬೆ ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಆದರೆ ನಮ್ಮ ಹಳಿಗಳನ್ನು ಆಳುವ ಮುಂಬೈಯ ಕೈ ನಮ್ಮ ತಗ್ಗುಗಳವರೆಗೆ ಚಾಚುವುದಿಲ್ಲ. ಆ ಆದೇಶ ಮಹಾರಾಷ್ಟ್ರದ ಗಡಿಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಕಲಬುರಗಿಯಿಂದ ಆಳಂದ ದಾಟಿ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಬೈಕಿನಲ್ಲಿ ಹೊರಡುವ ಭಕ್ತರು ಸ್ವಲ್ಪ ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು. ಬೀಳಲೇಬೇಕೆಂಬುದು ಹಣೆಯಲ್ಲಿ ಬರೆದಿದ್ದರೆ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು ವಾಗ್ದರಿಯವರೆಗೆ ತಡೆದುಕೊಳ್ಳಬೇಕು. ಗಡಿಯ ಆಚೆಗೆ, ಎರಡೂ ಚಕ್ರಗಳು ಮಹಾರಾಷ್ಟ್ರದಲ್ಲಿವೆಯೆಂದು ಖಾತ್ರಿಯಾದ ಮೇಲೆ ಬೀಳಬೇಕು. ಹಿಂದೆ ಕುಳಿತವರು ಬಿದ್ದ ಜಾಗದ ಫೋಟೊ ತೆಗೆಯುವಾಗ ಕಿಲೋಮೀಟರ್ ಕಲ್ಲಿನ ಮರಾಠಿ ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ನೋಡಿಕೊಳ್ಳಬೇಕು. ಬೀದರಿನವರಿಗೆ ಬಸವಕಲ್ಯಾಣದ ಆಚೆ ಉಮರ್ಗಾ ಅನುಕೂಲ. ಯಾದಗಿರಿಯವರಿಗೆ ಮಾತ್ರ ಹತ್ತಿರದ ಗಡಿ ತೆಲಂಗಾಣದ್ದು. ಅವರು ಸದ್ಯಕ್ಕೆ ಬೀಳದೆ ಇರುವುದೇ ಲೇಸು.