ಜೇಬಿನ ಜೆಲ್ಡಾ, ಟಿವಿಯ ಜೆಲ್ಡಾ

ಜೆಲ್ಡಾ ಗೇಮುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು ಯಾವುದು ಅಂತ ಆ ಹುಚ್ಚು ಇರುವ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ‘ಆಕರಿನಾ ಆಫ್ ಟೈಮ್’ ಅನ್ನುತ್ತಾರೆ. ವಯಸ್ಸು ಸ್ವಲ್ಪ ಜಾಸ್ತಿ ಆದವರು ‘ಎ ಲಿಂಕ್ ಟು ದ ಪಾಸ್ಟ್’ ಅನ್ನುತ್ತಾರೆ. ಕಾಲೇಜು ಹುಡುಗರಾದರೆ ಯೋಚನೆಯೇ ಮಾಡದೆ ‘ಬ್ರೆತ್ ಆಫ್ ದ ವೈಲ್ಡ್’. ಮೂರೂ ಮುಖ್ಯವಾಗಿ ದೊಡ್ಡ ಟಿವಿಯ ಮುಂದೆ ಕೂತು ಆಡಲಿ ಅಂತ ಮಾಡಿದ ಗೇಮುಗಳು. ಕೈಯಲ್ಲಿ ಹಿಡಿದು ಆಡುವ ಜೆಲ್ಡಾಗಳ ಹೆಸರು ಮೊದಲ ಸುತ್ತಿನಲ್ಲಿ ಬರೋದೇ ಇಲ್ಲ. ಎರಡನೇ ಸುತ್ತಿನಲ್ಲಿ ಯಾರೋ ನೆನಪು ಮಾಡಿಕೊಂಡು, ‘ಹಾಂ, ಗೇಮ್ ಬಾಯ್‌ದು ಒಂದಿತ್ತಲ್ಲ, ಅದೂ ಪರವಾಗಿಲ್ಲ’ ಅನ್ನುತ್ತಾರೆ. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ಸರಣಿಯ ತುಂಟತನವೆಲ್ಲ ಅಡಗಿಕೊಂಡಿರೋದು ಆ ಚಿಕ್ಕ ಗೇಮುಗಳಲ್ಲೇ ಅನ್ನೋದು ನನ್ನ ವಾದ.

ಗೊತ್ತಿಲ್ಲದವರಿಗೆ ಎರಡು ಮಾತು. ಜೆಲ್ಡಾ ಅನ್ನೋದು ಜಪಾನಿನ ಕ್ಯೋಟೋದಲ್ಲಿರುವ ನಿಂಟೆಂಡೋ ಕಂಪನಿ 1986ರಲ್ಲಿ ಶುರು ಮಾಡಿದ ಸಾಹಸದ ಸರಣಿ. ಹಸಿರು ಟೊಪ್ಪಿಗೆಯ ಹುಡುಗ ಲಿಂಕ್, ಹೈರೂಲ್ ಅಂತ ಒಂದು ರಾಜ್ಯ, ಅಲ್ಲಿನ ರಾಜಕುಮಾರಿ ಜೆಲ್ಡಾ, ಅವಳಿಗೆ ಗಂಟು ಬಿದ್ದ ಖಳನಾಯಕ ಗ್ಯಾನನ್. ಹೆಸರು ಅವಳದು, ದುಡಿಮೆ ಎಲ್ಲ ಇವನದು. ನಿಂಟೆಂಡೋ ಬಹಳ ವರ್ಷ ಎರಡು ಬಗೆಯ ಯಂತ್ರಗಳನ್ನು ಮಾರುತ್ತಿತ್ತು. ಒಂದು ಟಿವಿಗೆ ಹಚ್ಚುವ ಕನ್ಸೋಲ್, ಇನ್ನೊಂದು ಜೇಬು ಸ್ವಲ್ಪ ದೊಡ್ಡದಿದ್ದರೆ ಅದರೊಳಗೆ ಹಿಡಿಸುವಂಥದ್ದು. ಲಿಂಕ್ ಎರಡೂ ಕಡೆ ದುಡಿದ.

ನಮ್ಮ ಕಡೆಯೂ 90ರ ದಶಕದಲ್ಲಿ ಎರಡು ಬಗೆ ಇದ್ದವು ಅನ್ನಿ. ಟಿವಿಗೆ ಹಚ್ಚಲು ನಿಂಟೆಂಡೋ ಯಂತ್ರದ ನಕಲಿ ಡಬ್ಬ, ಅದಕ್ಕೆ ಹಳದಿ ಕ್ಯಾಸೆಟ್. ಕೈಗೆ ಮೇಲಿನಿಂದ ಇಟ್ಟಿಗೆ ಬೀಳುವ ಬ್ರಿಕ್ ಗೇಮ್. ‘9999 ಗೇಮ್ಸ್’ ಅಂತ ಮೇಲೆ ಬರೆದಿರುತ್ತಿತ್ತು, ಒಳಗೆ ಅದೇ ನಾಲ್ಕೈದು ಆಟ ತಿರುಗಿ ತಿರುಗಿ ಬರುತ್ತಿದ್ದವು. ಜೆಲ್ಡಾ ಮಾತ್ರ ಎರಡರಲ್ಲೂ ಸಿಗುತ್ತಿರಲಿಲ್ಲ. ನಮ್ಮಲ್ಲಿ ಅನೇಕರಿಗೆ ಅದು ಸಿಕ್ಕಿದ್ದು ಎಷ್ಟೋ ತಡವಾಗಿ, ಅಮೆರಿಕದಿಂದ ಬಂದ ಯಾರದೋ ಸೂಟ್‌ಕೇಸಿನಲ್ಲಿ. ಹಾಗಾಗಿ ಯಾವುದನ್ನು ಮೊದಲು ಆಡಿದೆವು ಅನ್ನುವ ಮಮಕಾರ ನಮಗೆ ಅಷ್ಟಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಅದೂ ಒಂದು ಅನುಕೂಲವೇ.

ಇಟ್ಟು ನೋಡಿದರೆ ಹೀಗೆ ಕಾಣುತ್ತದೆ. ಟಿವಿಯ ಜೆಲ್ಡಾ ಮನೆಯ ಹಿರಿಮಗ. ಹೊಸ ಕನ್ಸೋಲ್ ಬಂದರೆ ಅದರ ಮಾನ ಕಾಪಾಡುವ ಹೊಣೆ ಅವನ ಹೆಗಲ ಮೇಲೆ. ಹೋದ ಸಲಕ್ಕಿಂತ ದೊಡ್ಡದಾಗಿರಬೇಕು, ಗಂಭೀರವಾಗಿರಬೇಕು, ನೋಡಿದವರು ಬಾಯಿ ಬಿಡಬೇಕು. ಕಿರಿಯವನು ಎಲ್ಲಿ ಹೋದ, ಯಾರ ಜೊತೆ ಸೇರಿದ, ಊಟಕ್ಕೆ ಬಂದನಾ ಅಂತ ಕೇಳುವವರೇ ಇಲ್ಲ.

ಇದು ಸುಮ್ನೆ ಹೇಳಿದ ಮಾತಲ್ಲ. ಗೇಮ್ ಬಾಯ್‌ನ ಜೆಲ್ಡಾ ‘ಲಿಂಕ್ಸ್ ಅವೇಕನಿಂಗ್’ ಹುಟ್ಟಿದ ಕತೆಯೇ ಹಾಗಿದೆ. 1991ರಲ್ಲಿ ನಿಂಟೆಂಡೋದ ಟಿವಿ ಕನ್ಸೋಲ್ ಆದ ಸೂಪರ್ ಫ್ಯಾಮಿಕಾಮ್‌ಗೆ ‘ಎ ಲಿಂಕ್ ಟು ದ ಪಾಸ್ಟ್’ ಬಂತು. ಅದರ ಪ್ರೋಗ್ರಾಮರ್‌ಗಳಲ್ಲಿ ಒಬ್ಬರಾದ ಕಜುವಾಕಿ ಮೊರಿತಾ ಗೇಮ್ ಬಾಯ್‌ಗೆ ಗೇಮ್ ಬರೆಯುವ ಸಲಕರಣೆ ಇಟ್ಟುಕೊಂಡು ಜೆಲ್ಡಾ ತರಹದ್ದೇನೋ ಗೀಚತೊಡಗಿದರು. ಯಾರೂ ಹೇಳಿರಲಿಲ್ಲ. ಆಫೀಸಿನ ಕೆಲಸ ಮುಗಿದ ಮೇಲೆ ಇನ್ನೂ ಕೆಲವರು ಬಂದು ಸೇರಿಕೊಂಡರು. ಆಮೇಲೆ ನಿರ್ದೇಶಕ ತಕಾಶಿ ತೆಜುಕಾ ಇದನ್ನು ಸರಿಯಾಗೇ ಮಾಡೋಣ ಅಂದರು. ದೊಡ್ಡ ಗೇಮನ್ನೇ ಚಿಕ್ಕ ಯಂತ್ರಕ್ಕೆ ಇಳಿಸುವುದು ಅಂತ ಶುರುವಾದದ್ದು ಬೇರೆಯದೇ ಗೇಮಾಗಿ 1993ರ ಜೂನ್‌ನಲ್ಲಿ ಹೊರಬಂತು. ಶಾಲೆ ಬಿಟ್ಟ ಮೇಲೆ ಮಕ್ಕಳು ಸೇರುವ ಕ್ಲಬ್ಬಿನ ಹಾಗಿತ್ತು ಅಂತ ತೆಜುಕಾ ಎಷ್ಟೋ ವರ್ಷದ ಮೇಲೆ ನೆನಪಿಸಿಕೊಂಡಿದ್ದಾರೆ.

ಅವರು ಕೆಲಸ ಮಾಡಬೇಕಾಗಿದ್ದ ಜಾಗ ಎಷ್ಟು ಚಿಕ್ಕದು ಅಂತ ನೋಡಿ. 1989ರ ಗೇಮ್ ಬಾಯ್. ನಾಲ್ಕು ಪೆನ್ಸಿಲ್ ಸೆಲ್. ಬಣ್ಣ ಇಲ್ಲ, ಹಸಿರು ಮಿಶ್ರಿತ ಬೂದಿಯ ನಾಲ್ಕು ಛಾಯೆ ಮಾತ್ರ. ಹಿಂದಿನಿಂದ ಬೆಳಕೂ ಇಲ್ಲ, ದೀಪದ ಕೆಳಗೆ ಓರೆ ಮಾಡಿ ಹಿಡಿಯಬೇಕು. ಪರದೆಯಲ್ಲಿ ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 144. ಅದರಲ್ಲೂ ಒಂದು ಪಟ್ಟಿ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಹೃದಯಗಳ ಲೆಕ್ಕಕ್ಕೆ, ದುಡ್ಡಿನ ಲೆಕ್ಕಕ್ಕೆ ಹೋಗುತ್ತದೆ. ಉಳಿದದ್ದು ಹತ್ತು ಚೌಕ ಅಗಲ, ಎಂಟು ಚೌಕ ಎತ್ತರ. ಇಷ್ಟರೊಳಗೇ ಒಂದು ಕಾಡು, ಒಂದು ಹಳ್ಳಿ, ಒಂದು ಸಮುದ್ರ ತೀರ ಮಾಡಿ ಅಂದರೆ ಏನು ಮಾಡುತ್ತೀರಿ?

ಅವರು ಕತೆ ನಡೆಯುವ ದ್ವೀಪವನ್ನೇ ಚೌಕ ಚೌಕ ಕತ್ತರಿಸಿದರು. ಕೊಹೋಲಿಂಟ್ ದ್ವೀಪ ಅಂದರೆ ಹದಿನಾರು ಸಾಲು, ಸಾಲಿಗೆ ಹದಿನಾರು ಪರದೆ. ಒಂದರ ಅಂಚು ದಾಟಿದರೆ ಇನ್ನೊಂದು ಜರುಗಿ ಬರುತ್ತದೆ. ಒಂದು ಪರದೆಯನ್ನೂ ಸುಮ್ನೆ ಬಿಟ್ಟಿಲ್ಲ. ಇಲ್ಲೊಂದು ಬಾವಿ, ಅಲ್ಲೊಂದು ಬಿರುಕು ಬಿಟ್ಟ ಗೋಡೆ, ಮುಂದಿನದರಲ್ಲಿ ಮಾತಾಡುವ ಗೂಬೆ. ದೊಡ್ಡ ಜೆಲ್ಡಾಗಳಲ್ಲಿ ಕುದುರೆ ಹತ್ತಿ ಸುಮಾರು ಹೊತ್ತು ಬರೀ ಹುಲ್ಲನ್ನೇ ನೋಡುತ್ತಾ ಹೋಗಬಹುದು. ಅದೂ ಒಂದು ಸುಖ, ನಾನು ಬೇಡ ಅನ್ನೋದಿಲ್ಲ. ಇಲ್ಲಿ ಮಾತ್ರ ಹತ್ತು ಹೆಜ್ಜೆಗೊಂದು ಸಂಗತಿ ಇರಲೇಬೇಕು.

ಬಟನ್‌ಗಳ ಕತೆ ಇನ್ನೂ ಮಜವಾಗಿದೆ. ಸೂಪರ್ ಫ್ಯಾಮಿಕಾಮ್‌ನ ಕಂಟ್ರೋಲರಿನಲ್ಲಿ ಆಟಕ್ಕೇ ಅಂತ ಆರು ಬಟನ್. ಕತ್ತಿಗೊಂದು, ಸಾಮಾನಿಗೊಂದು, ನಕ್ಷೆಗೊಂದು ಅಂತ ಧಾರಾಳವಾಗಿ ಹಂಚಿದ್ದರು. ಗೇಮ್ ಬಾಯ್‌ನಲ್ಲಿ ಇರೋದೇ ಎ ಮತ್ತು ಬಿ. ಹಾಗಾಗಿ ಕತ್ತಿಗೂ ಖಾಯಂ ಜಾಗ ಇಲ್ಲ. ಬೇಕಾದರೆ ಕತ್ತಿಯನ್ನೇ ಚೀಲಕ್ಕೆ ಹಾಕಿ, ಒಂದು ಬಟನ್‌ಗೆ ಗರಿ, ಇನ್ನೊಂದಕ್ಕೆ ಬೂಟು ಇಟ್ಟುಕೊಳ್ಳಿ. ಗರಿ ನೆಗೆಯೋಕೆ, ಬೂಟು ಓಡೋಕೆ. ಓಡುತ್ತಾ ನೆಗೆದರೆ ದೊಡ್ಡ ಹಳ್ಳವನ್ನೇ ದಾಟಬಹುದು. ಒಂದಕ್ಕೆ ಬಿಲ್ಲು, ಒಂದಕ್ಕೆ ಬಾಂಬು ಇಟ್ಟು ಎರಡನ್ನೂ ಒಟ್ಟಿಗೆ ಒತ್ತಿ ನೋಡಿ, ಬಾಂಬು ಕಟ್ಟಿದ ಬಾಣ ಹೋಗುತ್ತದೆ. ಬಟನ್ ಕಡಿಮೆ ಬಿದ್ದದ್ದಕ್ಕೇ ಹುಟ್ಟಿದ ಆಟ ಇದು.

ಬಟನ್ ಕಡಿಮೆ ಬಿದ್ದದ್ದಕ್ಕೇ ಹುಟ್ಟಿದ ಕಾಟವೂ ಉಂಟು. ಕಲ್ಲು ಎತ್ತಬೇಕಾದರೆ ಕೈಗೆ ಬಳೆ ಹಾಕಿಕೊಳ್ಳಬೇಕು. ಹಾಕದೆ ಅಪ್ಪಿತಪ್ಪಿ ಕಲ್ಲಿಗೆ ತಾಕಿದಿರೋ, ಆಟ ನಿಂತು, ಇದು ತುಂಬಾ ಭಾರ, ಬರೀ ಕೈಲಿ ಎತ್ತೋಕೆ ಆಗಲ್ಲ ಅಂತ ಬರಹ ಬರುತ್ತದೆ. ತಾಕಿದಾಗಲೆಲ್ಲ ಬರುತ್ತದೆ. ಕಲ್ಲುಗಳ ನಡುವೆ ನುಸುಳಿ ಹೋಗುವಾಗ ಇಪ್ಪತ್ತು ಸಲ ಇದೇ ಉಪದೇಶ ಕೇಳಿದರೆ ಎಂಥ ಭಕ್ತನಿಗೂ ತಾಳ್ಮೆ ಕೆಡುತ್ತದೆ.

ಆದರೆ ತುಂಟತನ ನೋಡಿ. ಹಳ್ಳಿಯ ಅಂಗಡಿಯಲ್ಲಿ ಬಿಲ್ಲಿನ ಬೆಲೆ 980 ರುಪೀ (ಹೈರೂಲಿನ ದುಡ್ಡಿಗೂ ಅದೇ ಹೆಸರು, ನಮಗೆ ಪರಕೀಯ ಅನ್ನಿಸೋದಿಲ್ಲ). ಅಷ್ಟು ಕೂಡಿಡುವ ಹೊತ್ತಿಗೆ ಸುಸ್ತಾಗುತ್ತದೆ. ಅಂಗಡಿಯವನು ಬೇರೆ ಕಡೆ ತಿರುಗಿದಾಗ ಬಿಲ್ಲು ಎತ್ತಿಕೊಂಡು ಓಡಿದರೆ ಆಟ ತಡೆಯೋದಿಲ್ಲ. ಆದರೆ ಅಲ್ಲಿಂದ ಮುಂದೆ ಊರವರೆಲ್ಲ ನಿಮ್ಮನ್ನು ಹೆಸರು ಹಿಡಿದು ಕರೆಯೋದಿಲ್ಲ, ‘ಕಳ್ಳ’ ಅಂತಲೇ ಕರೆಯುತ್ತಾರೆ. ನೀವೇ ಬರೆದುಕೊಟ್ಟ ಹೆಸರು ಅಳಿಸಿಹೋಗಿರುತ್ತದೆ. ಮತ್ತೆ ಅದೇ ಅಂಗಡಿಗೆ ಕಾಲಿಟ್ಟರೆ ಅವನು ಒಂದೇ ಏಟಿಗೆ ಸಾಯಿಸುತ್ತಾನೆ. ರಾಜ್ಯ ಉಳಿಸಲು ಹೊರಟ ದೊಡ್ಡ ಗೇಮಿನ ನಾಯಕನಿಂದ ಇಂಥದ್ದನ್ನು ಮಾಡಿಸೋದು ಕಷ್ಟ, ಅಲ್ವಾ?

ಇನ್ನೂ ಇದೆ. ಈ ದ್ವೀಪದಲ್ಲಿ ರಾಜಕುಮಾರಿ ಜೆಲ್ಡಾ ಇಲ್ಲ. ಉಳಿಸೋಕೆ ರಾಜ್ಯವೂ ಇಲ್ಲ. ಬದಲಿಗೆ ನಿಂಟೆಂಡೋದ್ದೇ ಇನ್ನೊಂದು ಸರಣಿಯಾದ ಮಾರಿಯೋದ ಪುಟ್ಟ ಶತ್ರುಗಳು, ಗುಂಬಾಗಳು, ಓಡಾಡಿಕೊಂಡಿವೆ. ಮಾರಿಯೋನನ್ನು ಕಚ್ಚಲು ಬರುತ್ತಿದ್ದ ಕಬ್ಬಿಣದ ಗುಂಡು ಇಲ್ಲಿ ಒಬ್ಬ ಹೆಂಗಸಿನ ಮನೆಯ ಸಾಕುನಾಯಿ, ಅದನ್ನು ನಾವು ವಾಕಿಂಗ್ ಕರೆದುಕೊಂಡು ಹೋಗಬೇಕು. ಊರಿನ ಜನ ಒಂದು ಥರಾ ಇರಲಿ, ಸಂಖ್ಯೆ ಕಡಿಮೆ, ಅನುಮಾನ ಜಾಸ್ತಿ ಅನ್ನೋ ಹಾಗಿರಲಿ ಅಂತ ತೆಜುಕಾ ಹೇಳಿದ್ದರಂತೆ. ಆಗ ಅವರ ತಲೆಯಲ್ಲಿದ್ದದ್ದು ಅಮೆರಿಕದ ‘ಟ್ವಿನ್ ಪೀಕ್ಸ್’ ಧಾರಾವಾಹಿ. ಕತೆಯ ತಿರುಳೂ ವಿಚಿತ್ರ. ಬೆಟ್ಟದ ತುದಿಯ ಮೊಟ್ಟೆಯೊಳಗೆ ಗಾಳಿಮೀನು ನಿದ್ದೆ ಮಾಡುತ್ತಿದೆ. ಅದನ್ನು ಎಬ್ಬಿಸಿದರೆ ಮಾತ್ರ ಲಿಂಕ್ ಮನೆಗೆ ಹೋಗಬಹುದು. ಎಬ್ಬಿಸಿದರೆ ದ್ವೀಪವೇ ಇರೋದಿಲ್ಲ, ಯಾಕೆಂದರೆ ದ್ವೀಪ ಅದರ ಕನಸು. ಹಾಡು ಹೇಳಿಕೊಟ್ಟ ಮ್ಯಾರಿನ್ ಅನ್ನುವ ಹುಡುಗಿಯೂ ಆ ಕನಸಿಗೇ ಸೇರಿದವಳು. ಅಂದರೆ ಆಟ ಗೆಲ್ಲೋದು ಅಂದರೇನೇ ಎಲ್ಲರನ್ನೂ ಅಳಿಸಿಹಾಕೋದು. ನಾಲ್ಕು ಬೂದಿ ಬಣ್ಣದಲ್ಲಿ ಇಷ್ಟು ಸಂಕಟ ತುಂಬಿದ ಗೇಮು ಆಮೇಲೆ ಎಷ್ಟು ಬಂದಿವೆ ಹೇಳಿ.

ಚಿಕ್ಕದಾದದ್ದೆಲ್ಲ ಚಿನ್ನ ಅಂತಲೂ ಅಲ್ಲ. ಗೇಮ್ ಬಾಯ್ ಜೊತೆಗೇ ಬಂದ ‘ಸೂಪರ್ ಮಾರಿಯೋ ಲ್ಯಾಂಡ್’ ಆಡಿ ನೋಡಿ. ಮಾರಿಯೋವನ್ನು ಹುಟ್ಟಿಸಿದ ಮಿಯಾಮೋಟೋ ಅದರಲ್ಲಿ ಇಲ್ಲ. ನಿಂಟೆಂಡೋದವರೇ ಆದ ಗುನ್ಪೇಯಿ ಯೊಕೋಯಿಯ ತಂಡ ಮಾಡಿದ್ದು. ಮಾರಿಯೋ ಇರುವೆಯಷ್ಟಿದ್ದಾನೆ. ಆಮೆಯನ್ನು ತುಳಿದರೆ ಚಿಪ್ಪು ಬಾಂಬಿನ ಹಾಗೆ ಸಿಡಿಯುತ್ತದೆ. ಕೊನೆಗೆ ಅವನು ವಿಮಾನ ಹತ್ತಿ ಅನ್ಯಗ್ರಹದವನ ಮೇಲೆ ಗುಂಡು ಹಾರಿಸುತ್ತಾನೆ. ಹನ್ನೆರಡು ಹಂತ, ಕೈ ಪಳಗಿದ್ದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಹುಚ್ಚುತನ ಸಾಕಷ್ಟಿದೆ. ಆದರೆ ನೆಗೆತ ಸರಿ ಇಲ್ಲ. ಮಾರಿಯೋ ಗೇಮಿನಲ್ಲಿ ನೆಗೆತವೇ ಸರಿ ಇಲ್ಲ ಅಂದಮೇಲೆ ಇನ್ನೇನು?

ಎರಡು ಪರದೆಯ, ಪುಸ್ತಕದ ಹಾಗೆ ಮಡಚುವ ಕೈಯಂತ್ರ ಡಿಎಸ್‌ಗೆ 2007ರಲ್ಲಿ ಬಂದ ‘ಫ್ಯಾಂಟಮ್ ಅವರ್‌ಗ್ಲಾಸ್’ ಬಗ್ಗೆ ನನಗೆ ಎರಡು ಮನಸ್ಸು. ಒಂದೇ ದೇವಸ್ಥಾನಕ್ಕೆ ಗಡಿಯಾರ ಹಿಡಿದುಕೊಂಡು ಮತ್ತೆ ಮತ್ತೆ ಹೋಗಿ, ಹಳೇ ಮಹಡಿಗಳನ್ನೇ ಮತ್ತೆ ದಾಟಬೇಕು. ಯಾರಿಗೆ ಬೇಕು ಆ ಕರ್ಮ. ಆದರೆ ಅದರಲ್ಲೊಂದು ಒಗಟಿದೆ. ಮೇಲಿನ ಪರದೆಯಲ್ಲಿ ಒಂದು ಮುದ್ರೆ, ಕೆಳಗಿನ ಪರದೆಯಲ್ಲಿ ಸಮುದ್ರದ ನಕ್ಷೆ. ಮುದ್ರೆಯನ್ನು ನಕ್ಷೆಗೆ ಒತ್ತು ಅನ್ನುತ್ತದೆ ಆಟ. ಕಡ್ಡಿಯಲ್ಲಿ ಗೀಚಿದರೆ ಆಗೋದಿಲ್ಲ, ಬಟನ್ ಒತ್ತಿದರೆ ಆಗೋದಿಲ್ಲ, ಮೈಕಿಗೆ ಊದಿದರೂ ಆಗೋದಿಲ್ಲ (ದೀಪ ಆರಿಸೋಕೆ ಹಿಂದೆ ಊದಿಸಿರುತ್ತಾರೆ, ಹಾಗಾಗಿ ಎಲ್ಲರೂ ಊದಿಯೇ ಊದುತ್ತಾರೆ). ಬೇಸತ್ತು ಡಿಎಸ್‌ನ ಮುಚ್ಚಳ ಮುಚ್ಚಿ ಪಕ್ಕಕ್ಕಿಡುತ್ತೀರಿ. ಆಮೇಲೆ ತೆರೆದರೆ ನಕ್ಷೆಯ ಮೇಲೆ ಮುದ್ರೆ ಬಿದ್ದಿರುತ್ತದೆ! ಮುಚ್ಚೋದೇ ಉತ್ತರ. ಟಿವಿಯನ್ನು ಮಡಚೋಕೆ ಆಗುತ್ತಾ?

ಹಿರಿಮಗನಿಗೂ ಕಿರಿಯವನಿಂದ ಉಪಕಾರ ಆಗಿದೆ. 1998ರ ‘ಆಕರಿನಾ’ದ ನೀರಿನ ದೇವಸ್ಥಾನವನ್ನು ಬೈಯದವರಿಲ್ಲ. ಮುಳುಗಲು ಕಬ್ಬಿಣದ ಬೂಟು ಹಾಕಬೇಕು, ತೇಲಲು ಬಿಚ್ಚಬೇಕು. ಪ್ರತಿ ಸಲವೂ ಆಟ ನಿಲ್ಲಿಸಿ, ಪುಟ ತಿರುಗಿಸಿ, ಬೂಟು ಹುಡುಕಬೇಕು. 2011ರಲ್ಲಿ ಅದೇ ಗೇಮ್ ಡಿಎಸ್‌ನ ಮುಂದಿನ ಕೈಯಂತ್ರವಾದ 3ಡಿಎಸ್‌ಗೆ ಬಂದಾಗ ಬೂಟು ಉಳಿದ ಸಾಮಾನಿನ ಹಾಗೆ ಕೆಳಗಿನ ಪರದೆಯಲ್ಲೇ ಕೂತಿತು. ಬೆರಳಲ್ಲಿ ಮುಟ್ಟಿದರೆ ಆಯಿತು.

ಜನರೂ ಆ ಮನೆಯಿಂದ ಈ ಮನೆಗೆ ಬಂದಿದ್ದಾರೆ. 2001ರಲ್ಲಿ ಗೇಮ್ ಬಾಯ್ ಕಲರ್‌ಗೆ ಜೋಡಿ ‘ಆರಕಲ್’ ಗೇಮುಗಳು ಬಂದವು. ನಿಂಟೆಂಡೋ ತಾನು ಮಾಡದೆ ಕ್ಯಾಪ್‌ಕಾಮ್ ಕಂಪನಿಗೆ ವಹಿಸಿತ್ತು. ಅದನ್ನೂ, 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ‘ಮಿನಿಶ್ ಕ್ಯಾಪ್’ ಅನ್ನೂ ನಿರ್ದೇಶಿಸಿದವರು ಹಿಡೆಮಾರೋ ಫುಜಿಬಾಯಾಶಿ. ‘ಮಿನಿಶ್ ಕ್ಯಾಪ್’ನಲ್ಲಿ ಲಿಂಕ್ ಹೆಬ್ಬೆರಳಷ್ಟಾಗಿ ಹುಲ್ಲಿನ ಎಸಳುಗಳ ನಡುವೆ ನಡೆಯುತ್ತಾನೆ. 2017ರಲ್ಲಿ ‘ಬ್ರೆತ್ ಆಫ್ ದ ವೈಲ್ಡ್’ ಮಾಡಿ ಎಲ್ಲರೂ ಬಾಯಿ ಬಿಡುವ ಹಾಗೆ ಮಾಡಿದವರೂ ಅವರೇ. ಯಾವ ಕಡೆಯಾದರೂ ಹೋಗು, ಯಾವುದನ್ನಾದರೂ ಮೊದಲು ಮಾಡು ಅನ್ನುವ ಅದರ ಧಾರಾಳತನವನ್ನು ಜನ ಹಾಡಿ ಹೊಗಳಿದರು. ನಾಲ್ಕು ವರ್ಷ ಮೊದಲೇ 3ಡಿಎಸ್‌ನ ‘ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್’ನಲ್ಲಿ ಅದರ ರುಚಿ ಸಿಕ್ಕಿತ್ತು. ಅಲ್ಲಿ ಮೊಲದ ಮುಖವಾಡದ ವ್ಯಾಪಾರಿಯೊಬ್ಬ ಲಿಂಕ್‌ನ ಮನೆಯಲ್ಲೇ ಬಂದು ಅಂಗಡಿ ಇಡುತ್ತಾನೆ. ಬಿಲ್ಲು, ಬಾಂಬು, ಸುತ್ತಿಗೆ ಎಲ್ಲ ಬಾಡಿಗೆಗೆ. ಸತ್ತರೆ ಎಲ್ಲ ವಾಪಸ್. ಮನೆ ನಮ್ಮದು, ಬಾಡಿಗೆ ಕೊಡುವವರೂ ನಾವೇ. ಸಾಮಾನು ಮೊದಲೇ ಕೈಗೆ ಸಿಗುವುದರಿಂದ ಬಹುಪಾಲು ಗುಹೆಗಳನ್ನು ನಮಗೆ ತೋಚಿದ ಕ್ರಮದಲ್ಲೇ ಮುಗಿಸಬಹುದು.

ನಿಂಟೆಂಡೋದ ಸ್ವಿಚ್ ಅನ್ನುವ ಯಂತ್ರ ಬಂದ ಮೇಲೆ ಈ ಇಬ್ಬರು ಮಕ್ಕಳ ಜಗಳವೇ ಮುಗಿಯಿತು. ಟಿವಿಗೆ ಹಚ್ಚಿದ ಡಾಕ್ ಅನ್ನುವ ಸ್ಟ್ಯಾಂಡಿನಲ್ಲಿಟ್ಟರೆ ಟಿವಿ, ಎತ್ತಿಕೊಂಡರೆ ಕೈ. ಅನುಕೂಲವೇನೋ ಹೌದು. ಆದರೆ ಟಿವಿಗೆ ಅಂತ ಬರೆದ ಎಷ್ಟೋ ಗೇಮುಗಳ ಅಕ್ಷರ ಕೈಯಲ್ಲಿ ಹಿಡಿದರೆ ಔಷಧಿ ಚೀಟಿಯ ಅಕ್ಷರದಷ್ಟೇ ಆಗಿರುತ್ತದೆ. ನಲವತ್ತು ದಾಟಿದ ಕಣ್ಣಿಗೆ ಇದು ಸಣ್ಣ ವಿಷಯವಲ್ಲ.

2019ರಲ್ಲಿ ‘ಲಿಂಕ್ಸ್ ಅವೇಕನಿಂಗ್’ ಸ್ವಿಚ್‌ಗೆ ಹೊಸ ವೇಷದಲ್ಲಿ ಬಂತು. ದ್ವೀಪ ಈಗ ನುಣುಪಾದ ಆಟಿಕೆಗಳ ಲೋಕ. ಚೌಕ ಚೌಕ ಜರುಗೋದು ಹೋಗಿ ಹೊರಗೆಲ್ಲ ಸಲೀಸಾಗಿ ಸಾಗುತ್ತದೆ. ಕತ್ತಿಗೆ ಖಾಯಂ ಬಟನ್ ಸಿಕ್ಕಿದೆ. ಕಲ್ಲಿನ ಉಪದೇಶದ ಕಾಟವೂ ತಪ್ಪಿತು. ಅಂಗಡಿಯವನು ಮಾತ್ರ ಬದಲಾಗಿಲ್ಲ, ಕದ್ದರೆ ಈಗಲೂ ಸಾಯಿಸುತ್ತಾನೆ. ಸದ್ಯ.

ಅದೇ ಆಟಿಕೆ ಲೋಕದ ಚೆಹರೆಯಲ್ಲಿ 2024ರಲ್ಲಿ ‘ಎಕೋಸ್ ಆಫ್ ವಿಸ್ಡಮ್’ ಬಂತು. ನಿಂಟೆಂಡೋದ ಮುಖ್ಯ ಸಾಲಿನಲ್ಲಿ ಮೊದಲ ಸಲ ರಾಜಕುಮಾರಿ ಜೆಲ್ಡಾಳೇ ನಾಯಕಿ. ಹೆಸರು ಕೊಟ್ಟವಳಿಗೆ ಕೆಲಸ ಸಿಗೋಕೆ 38 ವರ್ಷ ಬೇಕಾಯಿತು. ಅದೂ ಸಿಕ್ಕಿದ್ದು ಮೇಲಿನಿಂದ ನೋಡಿ ಆಡುವ ಈ ಚಿಕ್ಕ ವಂಶದಲ್ಲಿ. ಅವಳಿಗೆ ಕೊಟ್ಟ ಮುಖ್ಯ ಆಯುಧ ಕತ್ತಿಯಲ್ಲ. ಕಂಡ ವಸ್ತುವಿನ ನಕಲು ತೆಗೆಯುವ ಒಂದು ಕೋಲು. ಶುರುವಿನಲ್ಲೇ ಸಿಗುವ ನಕಲುಗಳಲ್ಲಿ ಒಂದು ಹಳೇ ಮಂಚ. ಹಳ್ಳ ಅಡ್ಡ ಬಂದರೆ ಮಂಚ ಹಾಸಿ ದಾಟುತ್ತಾಳೆ. ಗೋಡೆ ಅಡ್ಡ ಬಂದರೆ ಮಂಚದ ಮೇಲೆ ಮಂಚ ಪೇರಿಸಿ ಹತ್ತುತ್ತಾಳೆ. ಏಟು ಬಿದ್ದು ಸುಸ್ತಾದರೆ ಅದೇ ಮಂಚದ ಮೇಲೆ ಮಲಗಿ ಒಂದು ನಿದ್ದೆ ತೆಗೆಯುತ್ತಾಳೆ, ಹೃದಯಗಳು ತುಂಬಿಕೊಳ್ಳುತ್ತವೆ. ನಾನು ಅದನ್ನು ಆಡಿದ್ದೂ ಮಂಚದ ಮೇಲೆ ಮಲಗಿಕೊಂಡೇ. ಡಾಕ್ ಟಿವಿಯ ಪಕ್ಕದಲ್ಲಿ ಧೂಳು ತಿನ್ನುತ್ತಾ ಕೂತಿತ್ತು.