ದೈತ್ಯ ನಕ್ಷತ್ರದ ನೆರೆ ಗ್ರಹಗಳಿಗೆ ಮುಳುವೇ?

ಪರ: ಮುಳುವೇ ಸರಿ

ಚಳಿಗಾಲದ ರಾತ್ರಿ ಮಹಾವ್ಯಾಧ (ಓರಿಯಾನ್) ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳ ಕೆಳಗೆ ಮಸುಕಾದ ಚುಕ್ಕೆಯೊಂದು ಬರಿಗಣ್ಣಿಗೂ ಕಾಣುತ್ತದೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ನೀಹಾರಿಕೆಯ, ಅಂದರೆ ಅನಿಲ-ದೂಳಿನ ಮೋಡದ, ನಡುವೆ ಟ್ರೆಪೀಜಿಯಂ ಎಂಬ ನಕ್ಷತ್ರಗುಚ್ಛವಿದೆ. ಅಲ್ಲಿನ ಯಜಮಾನಿಕೆ ತೀಟಾ-1 ಓರಿಯಾನಿಸ್ ಸಿ ಎಂಬ ಒಂದೇ ನಕ್ಷತ್ರದ್ದು. ಸೂರ್ಯನ ಮೂವತ್ತು ಪಟ್ಟಿಗೂ ಮಿಕ್ಕ ತೂಕ.

1990ರ ದಶಕದಲ್ಲಿ ಹಬಲ್ ದೂರದರ್ಶಕ ಅದರ ಸುತ್ತ ಎಳೆಯ ನಕ್ಷತ್ರಗಳನ್ನೂ ಅವುಗಳನ್ನು ಬಳಸಿದ ಅನಿಲ-ದೂಳಿನ ತಟ್ಟೆಗಳನ್ನೂ ತೋರಿಸಿತು. ಅನೇಕ ತಟ್ಟೆಗಳಿಗೆ ಬಾಲವಿದೆ. ಬಾಲ ಇರುವುದು ದೈತ್ಯನಿಗೆ ವಿಮುಖವಾಗಿ. ಅತಿನೇರಳೆ ಕಿರಣಗಳಿಂದ ಕಾದ ಅನಿಲ ಹಾರಿಹೋಗುತ್ತಿದೆ. ಗ್ರಹಗಳು ಹುಟ್ಟಬೇಕಾದದ್ದು ಇದೇ ತಟ್ಟೆಗಳಲ್ಲಿ. ಕೆಲವು ತಟ್ಟೆಗಳು ವರ್ಷಕ್ಕೆ ಸೂರ್ಯನ ತೂಕದ ಕೋಟಿಯಲ್ಲೊಂದು ಪಾಲು ಕಳೆದುಕೊಳ್ಳುತ್ತಿವೆ. ಒಟ್ಟು ಬಂಡವಾಳ ಸೂರ್ಯನ ನೂರರಲ್ಲೊಂದು ಪಾಲು ಎಂದು ಧಾರಾಳವಾಗಿಯೇ ಹಿಡಿದರೂ ಲಕ್ಷ ವರ್ಷದಲ್ಲಿ ಎಲ್ಲವೂ ಖಾಲಿ. ಗುರುವಿನಂಥ ಗ್ರಹ ಬೆಳೆಯಲು ಅದರ ಹತ್ತಾರು ಪಟ್ಟು ಕಾಲ ಬೇಕು. ಬಡಿಸುವ ಮೊದಲೇ ಎಲೆ ಎತ್ತಿದಂತಾಯಿತು.

ವಿರೋಧ: ಅಷ್ಟು ಅವಸರ ಬೇಡ

ಲೆಕ್ಕವೇನೋ ಸರಿ, ಅನುಮಾನ ಹುಟ್ಟುವುದೂ ಅದರಿಂದಲೇ. ಗುಚ್ಛದ ವಯಸ್ಸು ಹತ್ತು ಲಕ್ಷ ವರ್ಷದ ಆಸುಪಾಸು. ಲಕ್ಷ ವರ್ಷಕ್ಕೆ ಮುಗಿಯಬೇಕಿದ್ದ ತಟ್ಟೆಗಳು ಇನ್ನೂ ಡಜನ್‌ಗಟ್ಟಲೆ ಏಕಿವೆ? ದೈತ್ಯ ತಡವಾಗಿ ಹೊತ್ತಿಕೊಂಡಿರಬಹುದು. ಎಳೆಯ ನಕ್ಷತ್ರಗಳು ಬಹುಕಾಲ ದಟ್ಟ ಮೋಡದ ಮರೆಯಲ್ಲಿದ್ದು ಈಚೆಗೆ ಬಿಸಿಲಿಗೆ ಬಂದಿರಬಹುದು. ಅಷ್ಟರಲ್ಲಿ ದೂಳು ಕೂಡಿ ಹರಳಾಗಿದ್ದರೆ, ಓಡುವ ಅನಿಲ ಅದನ್ನು ಹೊತ್ತೊಯ್ಯಲಾರದು. ತಟ್ಟೆಯ ಒಳಭಾಗವನ್ನಂತೂ ಅದರದೇ ನಕ್ಷತ್ರದ ಸೆಳೆತ ಬಿಗಿಯಾಗಿ ಹಿಡಿದಿರುತ್ತದೆ. ಭೂಮಿಯಂಥವು ಹುಟ್ಟುವ ಜಾಗ ಅದು. ಹಾನಿಯೆಲ್ಲ ಮುಖ್ಯವಾಗಿ ಹೊರಅಂಚಿಗೆ.

2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಎನ್‌ಜಿಸಿ 6357 ನೀಹಾರಿಕೆಯಲ್ಲಿ, ದೈತ್ಯರ ಪ್ರಖರ ಬೆಳಕಿನ ನಡುವೆಯೇ, ಒಂದು ತಟ್ಟೆಯ ಒಳಭಾಗದಲ್ಲಿ ನೀರಾವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಪತ್ತೆಮಾಡಿತು. ಗುರುವಿನಂಥ ಅನಿಲಗ್ರಹಗಳ ವಿಷಯದಲ್ಲಿ ನಾನು ಜಗಳಕ್ಕೆ ಇಳಿಯುವುದಿಲ್ಲ, ಅಲ್ಲಿ ಪರಪಕ್ಷದ ಕೈ ಮೇಲು.

ಆದರೆ ನಮ್ಮ ಮನೆಯ, ಅಂದರೆ ಸೌರವ್ಯೂಹದ, ಕಥೆಯನ್ನೇ ನೋಡಿ. ದೈತ್ಯನ ನೆರೆಯಲ್ಲೂ ಗ್ರಹಗಳು ಹುಟ್ಟಬಲ್ಲವು ಎಂಬ ಸುಳಿವು ಇಲ್ಲೇ ಇದೆ. 1969ರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಅಯೆಂಡೆ ಉಲ್ಕಾಶಿಲೆಯಲ್ಲಿ ಅಲ್ಯೂಮಿನಿಯಂ-26 ಇದ್ದ ಗುರುತು ಸಿಕ್ಕಿದೆ. ಸುಮಾರು ಏಳು ಲಕ್ಷ ವರ್ಷಕ್ಕೊಮ್ಮೆ ಅರ್ಧವಾಗುತ್ತ ಕರಗುವ ವಿಕಿರಣಶೀಲ ವಸ್ತು ಅದು. ಎಂದರೆ ಸೂರ್ಯ ಹುಟ್ಟುವ ಹೊತ್ತಿಗೆ ಅದು ತಾಜಾ ಆಗಿತ್ತು. ಪಕ್ಕದ ದೈತ್ಯ ನಕ್ಷತ್ರವೊಂದು ಅದನ್ನು ತೂರಿತು ಎಂಬುದು ಬಲವಾದ ವಾದ. ಎಳೆಯ ಶಿಲಾಪಿಂಡಗಳನ್ನು ಒಳಗಿನಿಂದ ಕಾಯಿಸಿ ಕರಗಿಸಿದ್ದು ಆ ಅಲ್ಯೂಮಿನಿಯಮ್ಮಿನ ಬಿಸಿ.